ಜಾಹೀರಾತು, ಬ್ರಾಂಡ್ ಗ್ರಹಿಕೆ ಮತ್ತು ಗ್ರಾಹಕ ವರ್ತನೆ: ಸಂಶೋಧನೆ ಮಾಡುವವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಜಾಹೀರಾತು ಮತ್ತು ಗ್ರಾಹಕ ವರ್ತನೆಯ ಕುರಿತು ಸಂಶೋಧನೆಗೆ ಹೊರಟವರಲ್ಲಿ ಹೆಚ್ಚಿನವರು ಮೊದಲು ಕೈಹಾಕುವುದು ಪ್ರಶ್ನಾವಳಿಗೆ. ಗೂಗಲ್ ಫಾರ್ಮಿನಲ್ಲಿ ಒಂದಿಷ್ಟು ಪ್ರಶ್ನೆಗಳನ್ನು ಜೋಡಿಸಿ, ಪರಿಚಯದವರ ವಾಟ್ಸ್ಆ್ಯಪ್ ಗುಂಪುಗಳಿಗೆ ಕಳಿಸಿ, ಒಂದಿನ್ನೂರು ಉತ್ತರ ಸೇರಿದ ಮೇಲೆ ಇವುಗಳಿಂದ ಏನನ್ನು ಹೇಳಬಹುದು ಎಂದು ಮಾರ್ಗದರ್ಶಕರ ಮುಂದೆ ಬಂದು ಕೂರುತ್ತಾರೆ. ಅಷ್ಟು ಹೊತ್ತಿಗೆ ಕಾಲ ಮಿಂಚಿರುತ್ತದೆ. ಏನನ್ನು ತಿಳಿಯಬೇಕು ಎಂಬುದು ಖಚಿತವಾಗದೆ ಸಂಗ್ರಹಿಸಿದ ಉತ್ತರಗಳಿಂದ ಎಷ್ಟೇ ದೊಡ್ಡ ಸಂಖ್ಯಾಶಾಸ್ತ್ರ ಬಳಸಿದರೂ ಹೊರಬರುವುದು "ಬಹುತೇಕ ಗ್ರಾಹಕರು ತೃಪ್ತರಾಗಿದ್ದಾರೆ" ಎಂಬಂಥ ಮಾತು ಮಾತ್ರ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಪ್ರಶ್ನಾವಳಿ ಬರುವುದು ಸಾಕಷ್ಟು ತಡವಾಗಿ.

ಎಂ.ಕಾಂ., ಎಂ.ಬಿ.ಎ. ಮತ್ತು ಸಂವಹನ ವಿಭಾಗಗಳ ಪ್ರಬಂಧಕಾರರನ್ನೂ ಪಿಎಚ್.ಡಿ.ಯ ಮೊದಲ ವರ್ಷದಲ್ಲಿರುವವರನ್ನೂ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯಲಾಗಿದೆ. ಹಂತಗಳು ಗಾಳಿಯಲ್ಲಿ ತೇಲದಂತೆ ಒಂದೇ ಉದಾಹರಣೆಯನ್ನು ಕೊನೆಯವರೆಗೂ ಬಳಸುತ್ತೇನೆ: ಮೈಸೂರು ಸ್ಯಾಂಡಲ್ ಸೋಪು. ಮೊದಲ ಮಹಾಯುದ್ಧದಿಂದ ಗಂಧದ ಮರದ ರಫ್ತು ನಿಂತಾಗ 1916ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆ ಆರಂಭವಾಯಿತು. ಸೋಪು ಹುಟ್ಟಿದ್ದು ಅದರ ಬೆನ್ನಿಗೆ. 1980ರಲ್ಲಿ ಉದ್ಯಮವು ಕರ್ನಾಟಕ ಸೋಪ್ಸ್ ಅಂಡ್ ಡಿಟರ್ಜೆಂಟ್ಸ್ ಎಂಬ ಸರ್ಕಾರಿ ಕಂಪನಿಯಾಯಿತು, 2006ರಲ್ಲಿ ಸೋಪಿಗೆ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು, ಅದೇ ವರ್ಷ ಮಹೇಂದ್ರ ಸಿಂಗ್ ಧೋನಿ ಅದರ ಮೊದಲ ಪ್ರಚಾರ ರಾಯಭಾರಿಯಾದರು. 2025ರ ಮೇ ತಿಂಗಳಲ್ಲಿ ನಟಿ ತಮನ್ನಾ ಭಾಟಿಯಾ ಅವರನ್ನು ಎರಡು ವರ್ಷಗಳ ಅವಧಿಗೆ 6.2 ಕೋಟಿ ರೂಪಾಯಿಗೆ ನೇಮಿಸಿದಾಗ, ಕನ್ನಡದ ನಟಿಯೊಬ್ಬರನ್ನು ಏಕೆ ಆರಿಸಲಿಲ್ಲ ಎಂಬ ಪ್ರಶ್ನೆ ರಾಜ್ಯದಾದ್ಯಂತ ಎದ್ದಿತು. ಹೊರರಾಜ್ಯಗಳ ಮಾರುಕಟ್ಟೆಯನ್ನು ಹಿಡಿಯುವುದೇ ಗುರಿ ಎಂದು ಕೈಗಾರಿಕಾ ಸಚಿವರು ಉತ್ತರಿಸಿದರು. ಎರಡೂ ಕಡೆಯವರು ಗ್ರಾಹಕರ ಮನಸ್ಸಿನ ಬಗ್ಗೆ ಖಚಿತವಾಗಿ ಮಾತನಾಡಿದರು. ಸಂಶೋಧಕರಿಗೆ ಇಂಥ ಜಾಗಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

ಪ್ರಶ್ನೆಯನ್ನು ಕಿರಿದಾಗಿಸುವುದು

"ಮೈಸೂರು ಸ್ಯಾಂಡಲ್ ಸೋಪಿನ ಬಗ್ಗೆ ಗ್ರಾಹಕರ ಗ್ರಹಿಕೆ" ಎಂಬುದು ಶೀರ್ಷಿಕೆಯಾಗಬಲ್ಲದು, ಪ್ರಶ್ನೆಯಾಗಲಾರದು. ಪ್ರಶ್ನೆ ಎಂದರೆ ಅದಕ್ಕೆ ಹೌದು ಎಂಬ ಉತ್ತರ ಬಂದರೂ ಇಲ್ಲ ಎಂಬ ಉತ್ತರ ಬಂದರೂ ಯಾರಾದರೊಬ್ಬರು ತಮ್ಮ ಅಭಿಪ್ರಾಯವನ್ನು ತಿದ್ದಿಕೊಳ್ಳಬೇಕಾಗಿ ಬರಬೇಕು. "ಹೊರಭಾಷೆಯ ಜನಪ್ರಿಯ ನಟಿ ಕಾಣಿಸಿಕೊಂಡ ಜಾಹೀರಾತು, ಕನ್ನಡದ ಜನಪ್ರಿಯ ನಟಿ ಕಾಣಿಸಿಕೊಂಡ ಜಾಹೀರಾತಿಗಿಂತ, ಕರ್ನಾಟಕದ ಗ್ರಾಹಕರಲ್ಲಿ ಈ ಸೋಪು ನಮ್ಮದು ಎಂಬ ಭಾವವನ್ನು ಕುಗ್ಗಿಸುತ್ತದೆಯೇ, ಮತ್ತು ಅದೇ ವ್ಯತ್ಯಾಸ ಹೈದರಾಬಾದಿನ ಅಥವಾ ಪುಣೆಯ ಗ್ರಾಹಕರಲ್ಲಿಯೂ ಕಾಣುತ್ತದೆಯೇ?" ಎಂದು ಕೇಳಿದರೆ ಆಗ ಅದು ಪ್ರಶ್ನೆ. ಇದರಲ್ಲಿ ಬದಲಾಗುವ ಸಂಗತಿ ಯಾವುದು, ಅಳೆಯುವ ಸಂಗತಿ ಯಾವುದು, ಯಾರ ನಡುವೆ ಹೋಲಿಕೆ ಎಂಬ ಮೂರೂ ಇವೆ. ಇವುಗಳಲ್ಲಿ ಒಂದು ಇಲ್ಲದಿದ್ದರೂ ಮುಂದಿನ ಹಂತಕ್ಕೆ ಹೋಗಬಾರದು.

ಇಲ್ಲಿಯೇ ಬಳಸುವ ಪದಗಳನ್ನು ಬೇರ್ಪಡಿಸಿಕೊಳ್ಳಬೇಕು. ಬ್ರಾಂಡ್ ಅರಿವು ಎಂದರೆ ಹೆಸರು ನೆನಪಿಗೆ ಬರುವುದು ಅಥವಾ ಕಂಡಾಗ ಗುರುತು ಸಿಗುವುದು. ಬ್ರಾಂಡ್ ಪ್ರತಿಮೆ ಎಂದರೆ ಆ ಹೆಸರಿನೊಂದಿಗೆ ಮನಸ್ಸಿನಲ್ಲಿ ಹೆಣೆದುಕೊಂಡಿರುವ ಸಂಗತಿಗಳು: ಗಂಧದ ಪರಿಮಳ, ಅಜ್ಜಿಯ ಮನೆ, ಶರಭದ ಲಾಂಛನ, ಸರ್ಕಾರಿ ಕಾರ್ಖಾನೆ. ಮನೋಧೋರಣೆ ಎಂದರೆ ಇಷ್ಟ ಅಥವಾ ಅನಿಷ್ಟ. ಕೊಳ್ಳುವ ಇರಾದೆ ಬೇರೆ, ಕೊಂಡದ್ದು ಬೇರೆ. ಸಾಲುಸಾಲು ಪ್ರಬಂಧಗಳು ಈ ಐದನ್ನೂ "ಗ್ರಹಿಕೆ" ಎಂಬ ಒಂದೇ ಮೂಟೆಯಲ್ಲಿ ಕಟ್ಟುತ್ತವೆ. ಆಮೇಲೆ ಯಾವುದು ಯಾವುದಕ್ಕೆ ಕಾರಣ ಎಂದು ಹೇಳಲು ಆಗುವುದಿಲ್ಲ.

ಹಿಂದಿನ ಅಧ್ಯಯನಗಳನ್ನು ಓದುವ ಬಗೆ

ಸಾಹಿತ್ಯಾವಲೋಕನವು ಯಾರು ಯಾವ ವರ್ಷ ಏನು ಹೇಳಿದರು ಎಂಬ ಪಟ್ಟಿಯಾದರೆ ಅದರಿಂದ ಓದುಗರಿಗೂ ಲಾಭವಿಲ್ಲ, ಬರೆದವರಿಗೂ ಲಾಭವಿಲ್ಲ. ನಿಮ್ಮ ಪ್ರಶ್ನೆಗೆ ಭಿನ್ನ ಉತ್ತರಗಳನ್ನು ನಿರೀಕ್ಷಿಸುವ ಸಿದ್ಧಾಂತಗಳನ್ನು ಎದುರುಬದುರು ನಿಲ್ಲಿಸುವುದೇ ಅವಲೋಕನದ ಕೆಲಸ. ನಮ್ಮ ಉದಾಹರಣೆಗೆ ಮೂರು ಆಕರಗಳು ಮುಖ್ಯ. ಗ್ರಾಂಟ್ ಮೆಕ್‌ಕ್ರಾಕೆನ್ 1989ರಲ್ಲಿ ಮಂಡಿಸಿದ ಅರ್ಥ ವರ್ಗಾವಣೆಯ ವಾದದ ಪ್ರಕಾರ, ತಾರೆಯ ಸುತ್ತ ಸಮಾಜ ಕಟ್ಟಿರುವ ಅರ್ಥಗಳು ಮೊದಲು ಸರಕಿಗೂ ಅಲ್ಲಿಂದ ಗ್ರಾಹಕರಿಗೂ ಹರಿಯುತ್ತವೆ. ಹಾಗಿದ್ದರೆ ನಟಿ ಯಾವ ಭಾಷೆಯವರು ಎಂಬುದೂ ಆ ಅರ್ಥದ ಭಾಗವೇ. ಪೆಟ್ಟಿ, ಕಾಸಿಯೊಪೊ ಮತ್ತು ಶುಮನ್ 1983ರಲ್ಲಿ ಶೇವಿಂಗ್ ರೇಜರಿನ ಜಾಹೀರಾತು ಬಳಸಿ ನಡೆಸಿದ ಪ್ರಯೋಗವು, ಸರಕಿನ ಬಗ್ಗೆ ಆಸ್ಥೆ ಕಡಿಮೆ ಇದ್ದವರ ಮೇಲೆ ಪ್ರಸಿದ್ಧರ ಮುಖ ಹೆಚ್ಚು ಕೆಲಸ ಮಾಡುತ್ತದೆ, ಆಸ್ಥೆ ಹೆಚ್ಚಿದ್ದವರ ಮೇಲೆ ವಾದದ ಗುಣಮಟ್ಟ ಹೆಚ್ಚು ಕೆಲಸ ಮಾಡುತ್ತದೆ ಎಂದು ತೋರಿಸಿತು. ಕೆವಿನ್ ಕೆಲರ್ 1993ರಲ್ಲಿ, ಬ್ರಾಂಡಿನ ಮೌಲ್ಯವು ಗ್ರಾಹಕರ ನೆನಪಿನಲ್ಲಿರುವ ಸಂಬಂಧಗಳ ಬಲ, ಹಿತ ಮತ್ತು ಅನನ್ಯತೆಯಲ್ಲಿದೆ ಎಂದು ಚೌಕಟ್ಟು ಹಾಕಿಕೊಟ್ಟರು. ನೂರು ವರ್ಷಗಳ ಗಟ್ಟಿ ಸಂಬಂಧಗಳಿರುವ ಸೋಪಿಗೆ ಒಬ್ಬ ನಟಿಯಿಂದ ಕರ್ನಾಟಕದೊಳಗೆ ಹೆಚ್ಚೇನೂ ಆಗಬಾರದು ಎಂಬ ನಿರೀಕ್ಷೆ ಇದರಿಂದ ಹೊರಡುತ್ತದೆ, ಮೆಕ್‌ಕ್ರಾಕೆನ್ ಅವರಿಂದ ಹೊರಡುವುದು ಬೇರೆಯದೇ ನಿರೀಕ್ಷೆ. ನಿಮ್ಮ ಪ್ರಾಕ್ಕಲ್ಪನೆ, ಅಂದರೆ ಪರೀಕ್ಷಿಸಿ ನೋಡಬೇಕಾದ ಊಹೆ, ಹುಟ್ಟಬೇಕಾದ್ದು ಈ ಸಂದಿನಲ್ಲಿ.

ಹುಡುಕಾಟಕ್ಕೆ ಗೂಗಲ್ ಸ್ಕಾಲರ್ ಸಾಕಾಗುತ್ತದೆ, ಭಾರತೀಯ ಪಿಎಚ್.ಡಿ. ಪ್ರಬಂಧಗಳಿಗೆ ಇನ್‌ಫ್ಲಿಬ್‌ನೆಟ್ ನಡೆಸುವ ಶೋಧಗಂಗಾ ಎಂಬ ಜಾಲತಾಣವಿದೆ. ಒಂದು ಎಚ್ಚರಿಕೆ ಮಾತ್ರ ಬೇಕು: ಪ್ರಸಿದ್ಧವಾದ ಫಲಿತಾಂಶವೆಲ್ಲ ಗಟ್ಟಿಯಾದದ್ದಲ್ಲ. 24 ಬಗೆಯ ಜಾಮ್ ಇಟ್ಟ ಮೇಜಿನ ಬಳಿ ನಿಂತವರಲ್ಲಿ ಕೇವಲ ಶೇ. 3ರಷ್ಟು ಜನ ಕೊಂಡರು, 6 ಬಗೆ ಇಟ್ಟಾಗ ಶೇ. 30ರಷ್ಟು ಜನ ಕೊಂಡರು ಎಂಬ 2000ದ ಅಧ್ಯಯನ ಇಂದಿಗೂ ಎಲ್ಲ ತರಗತಿಗಳಲ್ಲಿ ಕೇಳಿಬರುತ್ತದೆ. ಆದರೆ ಅಂಥ 50 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ 2010ರ ವಿಶ್ಲೇಷಣೆಯಲ್ಲಿ ಸರಾಸರಿ ಪರಿಣಾಮ ಬಹುತೇಕ ಸೊನ್ನೆಯಾಗಿತ್ತು. ಮೂಲ ಲೇಖನವನ್ನು ಉಲ್ಲೇಖಿಸುವ ಮುನ್ನ ಅದನ್ನು ಮತ್ತೆ ಪರೀಕ್ಷಿಸಿದವರು ಏನು ಕಂಡರು ಎಂದು ಹುಡುಕುವುದನ್ನು ಅಭ್ಯಾಸ ಮಾಡಿಕೊಳ್ಳಬೇಕು.

ವಿಧಾನದ ಆಯ್ಕೆ

ಪ್ರಶ್ನೆ "ಏಕೆ" ಅಥವಾ "ಹೇಗೆ ಕಾಣುತ್ತದೆ" ಎಂದು ಕೇಳಿದರೆ ಸಂದರ್ಶನ ಮತ್ತು ಗುಂಪು ಚರ್ಚೆ ತಕ್ಕವು. "ಎಷ್ಟು ಜನ" ಎಂದರೆ ಸಮೀಕ್ಷೆ. "ಇದರಿಂದ ಅದು ಆಗುತ್ತದೆಯೇ" ಎಂದರೆ ಪ್ರಯೋಗ. ನಮ್ಮ ಪ್ರಶ್ನೆ ಮೂರನೆಯ ಜಾತಿಯದು. ಜಾಹೀರಾತು ಕಂಡವರಿಗೂ ಕಾಣದವರಿಗೂ ಸೋಪಿನ ಬಗ್ಗೆ ಏನನ್ನಿಸುತ್ತದೆ ಎಂದು ಸಮೀಕ್ಷೆಯಲ್ಲಿ ಕೇಳಿ ಹೋಲಿಸುವುದು ಸುಲಭವಾದರೂ, ಆ ಸೋಪನ್ನು ಮೊದಲೇ ಇಷ್ಟಪಡುವವರು ಅದರ ಜಾಹೀರಾತನ್ನು ಹೆಚ್ಚು ಗಮನಿಸುತ್ತಾರಾದ್ದರಿಂದ ಯಾವುದು ಕಾರಣ ಯಾವುದು ಪರಿಣಾಮ ಎಂಬುದು ತಿಳಿಯುವುದೇ ಇಲ್ಲ. ಪ್ರಯೋಗದಲ್ಲಿ ಯಾರಿಗೆ ಯಾವ ಜಾಹೀರಾತು ಎಂಬುದನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ನಿರ್ಧರಿಸುತ್ತೇವೆ. ಹಾಗಾಗಿ ಗುಂಪುಗಳ ನಡುವೆ ಉಳಿಯುವ ವ್ಯತ್ಯಾಸಕ್ಕೆ ಜಾಹೀರಾತನ್ನೇ ಹೊಣೆ ಮಾಡಬಹುದು.

ಈ ಜಾತಿಯ ಪ್ರಯೋಗಗಳಲ್ಲಿ ಇಂದಿಗೂ ಮಾದರಿಯಾಗಿ ನಿಲ್ಲುವುದು ಆಲಿಸನ್ ಮತ್ತು ಯೂಲ್ ಅವರ 1964ರ ಬಿಯರ್ ಅಧ್ಯಯನ. ಲೇಬಲ್ ಇಲ್ಲದ ಬಾಟಲಿಗಳನ್ನು ಕೊಟ್ಟಾಗ ಕುಡಿಯುವವರು ತಮ್ಮ ಮೆಚ್ಚಿನ ಬ್ರಾಂಡನ್ನು ಬೇರೆಯವುಗಳಿಂದ ಗುರುತಿಸಲಾರದೆ ಹೋದರು. ಲೇಬಲ್ ಅಂಟಿಸಿ ಕೊಟ್ಟಾಗ ತಮ್ಮ ಬ್ರಾಂಡಿಗೇ ಹೆಚ್ಚು ಅಂಕ ಕೊಟ್ಟರು. ಬದಲಾದದ್ದು ಲೇಬಲ್ ಒಂದೇ. ನಿಮ್ಮ ವಿನ್ಯಾಸವನ್ನು ಬರೆದ ಮೇಲೆ "ಇದರಲ್ಲಿ ಬದಲಾಗುವುದು ಒಂದೇ ಸಂಗತಿಯೇ?" ಎಂದು ಕೇಳಿಕೊಳ್ಳಿ.

ಸಂದರ್ಶನಗಳನ್ನು ಕೈಬಿಡಬೇಕೆಂದಲ್ಲ. ಪ್ರಯೋಗಕ್ಕೆ ಮುನ್ನ ಹತ್ತು ಹನ್ನೆರಡು ಜನರೊಂದಿಗೆ ಬಿಡುವಾಗಿ ಮಾತನಾಡಿದರೆ, ಜನ ಈ ಸೋಪಿನ ಬಗ್ಗೆ ಯಾವ ಮಾತುಗಳಲ್ಲಿ ಯೋಚಿಸುತ್ತಾರೆ ಎಂಬುದು ತಿಳಿಯುತ್ತದೆ, ಮತ್ತು ಆ ಮಾತುಗಳೇ ಮುಂದೆ ಪ್ರಶ್ನಾವಳಿಗೆ ಬೇಕಾಗುತ್ತವೆ.

ಜಾಹೀರಾತಿನ ನಮೂನೆಗಳನ್ನು ತಯಾರಿಸುವುದು

ಹೆಚ್ಚಿನ ಪ್ರಯೋಗಗಳು ಸೋಲುವುದು ಈ ಹಂತದಲ್ಲಿ. ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನಿಸಬೇಕು. ಅಂತರಜಾಲದಲ್ಲಿ ಸಿಕ್ಕ ಎರಡು ನಿಜ ಜಾಹೀರಾತುಗಳನ್ನು ತಂದು ಹೋಲಿಸಿದರೆ, ಅವುಗಳಲ್ಲಿ ಮುಖದ ಜೊತೆಗೆ ಬಣ್ಣ, ಸಂಗೀತ, ಭಾಷೆ, ಉದ್ದ ಎಲ್ಲವೂ ಬೇರೆಯಾಗಿರುತ್ತವೆ. ಒಂದೇ ಸ್ಥಿರಚಿತ್ರದ ಜಾಹೀರಾತನ್ನು ಸಿದ್ಧಪಡಿಸಿ, ಸೋಪಿನ ಪೊಟ್ಟಣ, ಘೋಷವಾಕ್ಯ, ಹಿನ್ನೆಲೆ, ಅಕ್ಷರ ಎಲ್ಲವನ್ನೂ ಹಾಗೆಯೇ ಇಟ್ಟು ಮುಖವನ್ನು ಮಾತ್ರ ಬದಲಿಸುವುದು ಸರಿಯಾದ ದಾರಿ: ಒಂದರಲ್ಲಿ ಕನ್ನಡದ ನಟಿ, ಇನ್ನೊಂದರಲ್ಲಿ ಹೊರಭಾಷೆಯ ನಟಿ, ಮೂರನೆಯದರಲ್ಲಿ ಯಾರೂ ಅರಿಯದ ರೂಪದರ್ಶಿ. ಮೂರನೆಯದು ಇಲ್ಲದಿದ್ದರೆ ತಾರೆಯಿಂದ ಲಾಭವೇ ಇದೆಯೇ ಎಂಬ ಮೂಲ ಪ್ರಶ್ನೆಗೆ ಉತ್ತರ ಸಿಗದು.

ಇಷ್ಟಾದರೂ ಒಂದು ತೊಡಕು ಉಳಿಯುತ್ತದೆ. ಕನ್ನಡದ ಒಬ್ಬರು, ಹೊರಭಾಷೆಯ ಒಬ್ಬರು ಎಂದು ಆರಿಸಿಕೊಂಡರೆ, ಕಂಡ ವ್ಯತ್ಯಾಸ ಭಾಷೆಯದೋ ಆ ಇಬ್ಬರು ವ್ಯಕ್ತಿಗಳದೋ ಎಂದು ಹೇಳಲು ಬರುವುದಿಲ್ಲ. ಒಬ್ಬರ ಸಿನಿಮಾ ಕಳೆದ ತಿಂಗಳು ಗೆದ್ದಿರಬಹುದು, ಇನ್ನೊಬ್ಬರ ಬಗ್ಗೆ ಗಾಸಿಪ್ ಹರಡಿರಬಹುದು. ಆದ್ದರಿಂದ ಪ್ರತಿ ವರ್ಗಕ್ಕೆ ಕನಿಷ್ಠ ಮೂವರ ಚಿತ್ರಗಳನ್ನು ಬಳಸಿ, ಒಬ್ಬ ಉತ್ತರದಾರರಿಗೆ ಅವರಲ್ಲಿ ಒಬ್ಬರದನ್ನು ಮಾತ್ರ ತೋರಿಸಿ. ಸಂಶೋಧನಾ ಪತ್ರಿಕೆಗಳ ಪರಿಶೀಲಕರು ಕೇಳುವ ಕಠಿಣ ಪ್ರಶ್ನೆಗಳಲ್ಲಿ ಇದೊಂದು, ಮತ್ತು ದತ್ತಾಂಶ ಸಂಗ್ರಹವಾದ ಮೇಲೆ ಇದಕ್ಕೆ ಪರಿಹಾರವಿಲ್ಲ. ಮುಖ್ಯ ಪ್ರಯೋಗದಲ್ಲಿ ಭಾಗವಹಿಸದ ಮೂವತ್ತು ನಲವತ್ತು ಜನರಿಗೆ ಚಿತ್ರಗಳನ್ನು ಮೊದಲೇ ತೋರಿಸಿ, ಇವರನ್ನು ಗುರುತಿಸುತ್ತೀರಾ, ಇವರು ಯಾವ ಭಾಷೆಯ ಚಿತ್ರರಂಗದವರು ಎಂದು ಕೇಳಿಕೊಳ್ಳಿ. ನೀವು ಹೊರಭಾಷೆಯವರೆಂದು ತಿಳಿದವರನ್ನು ಜನ ಕನ್ನಡದವರೆಂದೇ ಭಾವಿಸಿದ್ದರೆ ಪ್ರಯೋಗ ಆರಂಭಕ್ಕೆ ಮುನ್ನವೇ ಬಿದ್ದಂತೆ.

ಅಳತೆಪಟ್ಟಿಗಳು ಮತ್ತು ಕನ್ನಡ ಪ್ರಶ್ನಾವಳಿ

ಅಳತೆಪಟ್ಟಿಯನ್ನು, ಅಂದರೆ ಒಂದು ಗುಣವನ್ನು ಅಂಕಗಳಲ್ಲಿ ಅಳೆಯುವ ಪ್ರಶ್ನೆಗಳ ಕಟ್ಟನ್ನು, ನೀವೇ ಹುಟ್ಟುಹಾಕುವ ಆಸೆಯನ್ನು ಸಾಧ್ಯವಾದಷ್ಟು ತಡೆದುಕೊಳ್ಳಿ. ಪರೀಕ್ಷೆಗೆ ಒಳಗಾದವು ಆಗಲೇ ಇವೆ. ರಾಯಭಾರಿಯ ವಿಶ್ವಾಸಾರ್ಹತೆಗೆ ರೂಬೀನಾ ಒಹಾನಿಯನ್ 1990ರಲ್ಲಿ ರೂಪಿಸಿದ 15 ಅಂಶಗಳ ಪಟ್ಟಿಯಿದೆ. ಆಕರ್ಷಣೆ, ನಂಬಿಕೆ, ಪರಿಣತಿ ಎಂಬ ಮೂರು ಆಯಾಮಗಳಿಗೆ ತಲಾ ಐದು ಜೋಡಿ ವಿರುದ್ಧ ಪದಗಳು. ಬ್ರಾಂಡ್ ವ್ಯಕ್ತಿತ್ವಕ್ಕೆ, ಅಂದರೆ ಬ್ರಾಂಡಿಗೆ ಜನ ಹಚ್ಚುವ ಮನುಷ್ಯಗುಣಗಳಿಗೆ, ಜೆನಿಫರ್ ಆಕರ್ ಅವರ 1997ರ ಐದು ಆಯಾಮಗಳ ಮಾಪನವಿದೆ.

ಆದರೆ ಇವು ಅಮೆರಿಕದ ಉತ್ತರದಾರರಿಗಾಗಿ ಇಂಗ್ಲಿಷಿನಲ್ಲಿ ತಯಾರಾದವು. ಒಹಾನಿಯನ್ ಪಟ್ಟಿಯ ಆಕರ್ಷಣೆಯ ಐದು ಜೋಡಿಗಳಲ್ಲಿ ಒಂದು ಸೆಕ್ಸಿ ಹೌದೋ ಅಲ್ಲವೋ ಎಂದು ಕೇಳುತ್ತದೆ. ಹಾಸನದ ಒಂದು ಮನೆಯ ಜಗಲಿಯಲ್ಲಿ ಅರವತ್ತು ದಾಟಿದ ಗೃಹಿಣಿಗೆ, ಪಕ್ಕದಲ್ಲಿ ಸೊಸೆ ಕುಳಿತಿರುವಾಗ, ಈ ಪ್ರಶ್ನೆಯನ್ನು ಓದಿ ಹೇಳಿದರೆ ಬರುವ ಉತ್ತರ ನಟಿಯ ಬಗೆಗಿನದಾಗಿರುವುದಿಲ್ಲ, ಸಂಕೋಚದ ಅಳತೆಯಾಗಿರುತ್ತದೆ. ಅದಕ್ಕಿಂತ ಹೆಚ್ಚಾಗಿ, ಮುಂದಿನ ಪ್ರಶ್ನೆಗಳಿಗೂ ಅವರು ಬೇಗ ಮುಗಿಸುವ ಉತ್ತರಗಳನ್ನೇ ಕೊಡುತ್ತಾರೆ. ಆ ಅಂಶವನ್ನು ಬಿಡುವುದು ಅಥವಾ ಬದಲಿಸುವುದು ತಪ್ಪಲ್ಲ, ಬಿಟ್ಟದ್ದನ್ನು ಪ್ರಬಂಧದಲ್ಲಿ ಹೇಳದಿರುವುದು ತಪ್ಪು. ಪರಿಣತಿಯ ಆಯಾಮವೂ ತೊಂದರೆ ಕೊಡುತ್ತದೆ, ಏಕೆಂದರೆ ಸೋಪಿನ ವಿಷಯದಲ್ಲಿ ನಟಿಯ ಪರಿಣತಿ ಎಂದರೇನು ಎಂದು ಉತ್ತರದಾರರು ನಿಮ್ಮನ್ನೇ ಕೇಳಬಹುದು. ಅದು ನ್ಯಾಯವಾದ ಪ್ರಶ್ನೆಯೂ ಹೌದು.

ಅನುವಾದಕ್ಕೆ ಒಪ್ಪಿತ ಕ್ರಮ ಹೀಗಿದೆ: ಒಬ್ಬರು ಕನ್ನಡಕ್ಕೆ ತರುತ್ತಾರೆ, ಮೂಲವನ್ನು ನೋಡಿರದ ಇನ್ನೊಬ್ಬರು ಅದನ್ನು ಇಂಗ್ಲಿಷಿಗೆ ತಿರುಗಿಸುತ್ತಾರೆ, ಎರಡು ಇಂಗ್ಲಿಷ್ ಪಾಠಗಳನ್ನು ಹೋಲಿಸಿ ಬೇರೆಯಾದಲ್ಲಿ ಕನ್ನಡವನ್ನು ತಿದ್ದಲಾಗುತ್ತದೆ. ಇದು ಬೇಕು, ಆದರೆ ಇದೊಂದೇ ಸಾಲದು. ವಿಶ್ವವಿದ್ಯಾಲಯದ ಕನ್ನಡದಲ್ಲಿ ನಿಖರವಾಗಿರುವ ವಾಕ್ಯ ಕಲಬುರಗಿಯಲ್ಲಾಗಲಿ ಕುಂದಾಪುರದಲ್ಲಾಗಲಿ ಆಡುವವರ ಕಿವಿಗೆ ಸರ್ಕಾರಿ ಸುತ್ತೋಲೆಯಂತೆ ಕೇಳಬಹುದು. ಐದಾರು ಜನರಿಗೆ ಪ್ರಶ್ನೆಯನ್ನು ಓದಿ ಹೇಳಿ, "ಇದರಲ್ಲಿ ಏನು ಕೇಳುತ್ತಿದ್ದೇವೆ, ನಿಮ್ಮ ಮಾತಿನಲ್ಲಿ ಹೇಳಿ" ಎಂದು ಕೇಳಿದರೆ ಎಡವುವ ಜಾಗಗಳೆಲ್ಲ ಕಾಣುತ್ತವೆ. ಹೈದರಾಬಾದ್ ಮತ್ತು ಪುಣೆಗೆ ತೆಲುಗು ಮತ್ತು ಮರಾಠಿ ಪಾಠಗಳು ಬೇಕಾಗುವುದರಿಂದ ಈ ಶ್ರಮವನ್ನು ಮೂರು ಪಟ್ಟು ಎಂದೇ ಲೆಕ್ಕ ಹಾಕಿ.

ಪ್ರಶ್ನೆಗಳ ಕ್ರಮಕ್ಕೆ ಒಂದು ನಿಯಮವನ್ನು ಮೀರಬಾರದು. ಸೋಪು ಎಂದಾಗ ನೆನಪಿಗೆ ಬರುವ ಹೆಸರುಗಳನ್ನು ಹೇಳಿ ಎಂಬುದು ಎಲ್ಲಕ್ಕಿಂತ ಮೊದಲು. ಹೆಸರು ತೋರಿಸಿ ಕೇಳುವ ಪ್ರಶ್ನೆಗಳು ಆಮೇಲೆ. ಪ್ರಶ್ನಾವಳಿಯ ತಲೆಬರಹದಲ್ಲಿಯೇ ಬ್ರಾಂಡಿನ ಹೆಸರನ್ನು ಅಚ್ಚು ಮಾಡಿ, ಬಳಿಕ ಯಾವ ಬ್ರಾಂಡ್ ನೆನಪಾಗುತ್ತದೆ ಎಂದು ಕೇಳುವ ಫಾರ್ಮುಗಳು ಎಷ್ಟು ಸಾಮಾನ್ಯವೆಂದರೆ ಇದನ್ನು ಬರೆಯಲೇಬೇಕಾಯಿತು.

ಮಾತು ಮತ್ತು ಕೊಳ್ಳುವಿಕೆ

ಈ ಸೋಪಿನಂಥ ವಸ್ತುವಿನ ಬಗ್ಗೆ ಕನ್ನಡಿಗರನ್ನು ಕನ್ನಡದಲ್ಲಿ ಕೇಳಿದಾಗ ಅಭಿಮಾನದ ಉತ್ತರ ಬರುವುದು ಸಹಜ. "ಮುಂದಿನ ಸಲ ಕೊಳ್ಳುವಿರಾ" ಎಂದರೆ ತಲೆಯಾಡಿಸುವವರ ಬಚ್ಚಲಲ್ಲಿ ಬೇರೆ ಸೋಪು ಇರಬಹುದು. ಆದ್ದರಿಂದ ಇರಾದೆಯ ಜೊತೆಗೆ ವರ್ತನೆಯನ್ನೂ ಅಳೆಯಲು ಒಂದು ಉಪಾಯ ಬೇಕು. ಖರ್ಚಿಲ್ಲದ ಉಪಾಯವೆಂದರೆ "ಈಗ ಮನೆಯಲ್ಲಿ ಬಳಸುತ್ತಿರುವ ಸೋಪು ಯಾವುದು, ಅದನ್ನು ತಂದವರು ಯಾರು" ಎಂದು ಕೇಳುವುದು. ಎರಡನೆಯ ಭಾಗ ಮುಖ್ಯ. ಹಲವು ಮನೆಗಳಲ್ಲಿ ತಿಂಗಳ ಸಾಮಾನಿನ ಚೀಟಿಯನ್ನು ಒಬ್ಬರೇ ಬರೆಯುತ್ತಾರೆ, ಮತ್ತು ನೀವು ಮಾತನಾಡಿಸಿದ ಕಾಲೇಜು ಹುಡುಗನಿಗೆ ಆ ಚೀಟಿಯ ಮೇಲೆ ಯಾವ ಅಧಿಕಾರವೂ ಇರುವುದಿಲ್ಲ. ಸ್ವಲ್ಪ ಖರ್ಚು ಮಾಡಬಹುದಾದರೆ, ಕೊನೆಯಲ್ಲಿ ಧನ್ಯವಾದದ ಉಡುಗೊರೆಯಾಗಿ ಮೈಸೂರು ಸ್ಯಾಂಡಲ್ ಮತ್ತು ಅದೇ ಬೆಲೆಯ ಬೇರೆ ಸೋಪುಗಳನ್ನು ಮುಂದಿಟ್ಟು ಒಂದನ್ನು ಆರಿಸಿಕೊಳ್ಳಿ ಎನ್ನಿ. ಯಾವುದನ್ನು ಎತ್ತಿಕೊಂಡರು ಎಂಬುದು ಏಳು ಅಂಕಗಳ ಪಟ್ಟಿಯಲ್ಲಿ ಹಾಕಿದ ಗುರುತಿಗಿಂತ ಹೆಚ್ಚು ಹೇಳುತ್ತದೆ.

ಎಷ್ಟು ಜನ, ಯಾವ ಜನ

"385 ಉತ್ತರದಾರರು" ಎಂಬ ಸಂಖ್ಯೆ ನಮ್ಮ ಪ್ರಬಂಧಗಳಲ್ಲಿ ಮಂತ್ರದಂತೆ ಬರುತ್ತದೆ. ಅದು ದೊಡ್ಡ ಜನಸಮೂಹದ ಒಂದು ಶೇಕಡಾ ಪ್ರಮಾಣವನ್ನು ಶೇ. 95ರ ವಿಶ್ವಾಸದಲ್ಲಿ ಶೇ. 5ರ ದೋಷದ ಅಂಚಿನೊಳಗೆ ಅಂದಾಜಿಸಲು ಬೇಕಾದ ಸಂಖ್ಯೆ, ಅದೂ ಯಾದೃಚ್ಛಿಕವಾಗಿ ಆರಿಸಿದ್ದರೆ. ಅನುಕೂಲಕ್ಕೆ ಸಿಕ್ಕವರನ್ನು ಸೇರಿಸಿ 385 ಮಾಡಿದರೆ ಆ ಲೆಕ್ಕಕ್ಕೆ ಅರ್ಥವಿಲ್ಲ. ಪ್ರಯೋಗಕ್ಕೆ ಬೇರೆ ಲೆಕ್ಕವಿದೆ: ನಿರೀಕ್ಷಿತ ಪರಿಣಾಮ ಎಷ್ಟು ದೊಡ್ಡದು ಎಂಬುದೇ ಅದರ ಆಧಾರ. ಎರಡು ಗುಂಪುಗಳ ನಡುವೆ ಮಧ್ಯಮ ಗಾತ್ರದ, ಅಂದರೆ ಅರ್ಧ ಮಾನಕ ವಿಚಲನೆಯಷ್ಟು (ಅಂಕಗಳು ಸರಾಸರಿಯ ಸುತ್ತ ಎಷ್ಟು ಚದುರಿವೆ ಎಂಬುದರ ಅಳತೆಯೇ ಮಾನಕ ವಿಚಲನೆ), ವ್ಯತ್ಯಾಸವನ್ನು ಶೇ. 80ರ ಸಾಮರ್ಥ್ಯದಲ್ಲಿ, ಎಂದರೆ ವ್ಯತ್ಯಾಸ ನಿಜವಾಗಿ ಇದ್ದಾಗ ನೂರಕ್ಕೆ ಎಂಬತ್ತು ಸಲ, ಹಿಡಿಯಲು ಗುಂಪಿಗೆ 64 ಜನ ಸಾಕು, ವ್ಯತ್ಯಾಸ ಅದೇ ವಿಚಲನೆಯ 0.2ರಷ್ಟು ಚಿಕ್ಕದಾದರೆ ಗುಂಪಿಗೆ 394 ಜನ ಬೇಕು. ಜಾಹೀರಾತನ್ನು ಒಮ್ಮೆ ತೋರಿಸಿದ್ದರಿಂದ ಆಗುವ ಪರಿಣಾಮ ಸಾಮಾನ್ಯವಾಗಿ ಚಿಕ್ಕದೇ. ಈ ಲೆಕ್ಕಕ್ಕೆ ಜಿ-ಪವರ್ ಎಂಬ ಉಚಿತ ತಂತ್ರಾಂಶವಿದೆ. ನಮ್ಮ ಪ್ರಶ್ನೆಯಲ್ಲಿ ಕರ್ನಾಟಕದೊಳಗಿನ ವ್ಯತ್ಯಾಸ ಹೊರಗಿನದಕ್ಕಿಂತ ಭಿನ್ನವೇ ಎಂಬ ಕವಲೂ ಇರುವುದರಿಂದ ಸಂಖ್ಯೆ ಇನ್ನೂ ಏರುತ್ತದೆ. ಅಷ್ಟು ಜನ ಸಿಗುವುದಿಲ್ಲವೆಂದಾದರೆ ಪ್ರಶ್ನೆಯನ್ನು ಕಿರಿದು ಮಾಡಿ, ಒಂದೇ ರಾಜ್ಯಕ್ಕೆ ಸೀಮಿತಗೊಳಿಸಿ.

ಒಪ್ಪಿಗೆ ಪತ್ರ, ಸಂಸ್ಥೆಯ ನೈತಿಕ ಸಮಿತಿಯ ಅನುಮತಿ, ಹೆಸರು ಮತ್ತು ಫೋನ್ ನಂಬರುಗಳನ್ನು ಉತ್ತರಗಳಿಂದ ಬೇರೆ ಕಡೆ ಇಡುವುದು ಇವೆಲ್ಲ ಈ ಹಂತದಲ್ಲೇ ಮುಗಿಯಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರನ್ನು ಮಕ್ಕಳೆಂದೇ ಪರಿಗಣಿಸುತ್ತದೆ, ಪಿಯುಸಿ ವಿದ್ಯಾರ್ಥಿಗಳನ್ನು ಸುಲಭದ ಉತ್ತರದಾರರೆಂದು ನೋಡುವವರು ಇದನ್ನು ಮರೆಯಬಾರದು. ನಿಜ ನಟಿಯರ ಚಿತ್ರವುಳ್ಳ ಜಾಹೀರಾತು ಸಂಶೋಧನೆಗಾಗಿ ತಯಾರಿಸಿದ್ದು, ನಿಜವಾದದ್ದಲ್ಲ ಎಂದು ಕೊನೆಯಲ್ಲಿ ಪ್ರತಿಯೊಬ್ಬರಿಗೂ ತಿಳಿಸಬೇಕು ಮತ್ತು ಆ ಚಿತ್ರ ಹೊರಗೆ ಹರಿದಾಡದಂತೆ ನೋಡಿಕೊಳ್ಳಬೇಕು.

ವಿಶ್ಲೇಷಣೆ

ದತ್ತಾಂಶ ಕೈಗೆ ಬರುವ ಮುನ್ನವೇ, ಯಾವ ಉತ್ತರಗಳನ್ನು ಕೈಬಿಡುತ್ತೇನೆ, ಯಾವ ಪರೀಕ್ಷೆ ಮಾಡುತ್ತೇನೆ, ಯಾವ ಫಲಿತಾಂಶ ಬಂದರೆ ನನ್ನ ಪ್ರಾಕ್ಕಲ್ಪನೆ ಸೋತಂತೆ ಎಂಬುದನ್ನು ಬರೆದು ಓಪನ್ ಸೈನ್ಸ್ ಫ್ರೇಮ್‌ವರ್ಕ್‌ನಂಥ ತಾಣದಲ್ಲಿ ದಿನಾಂಕ ಸಹಿತ ನೋಂದಾಯಿಸಿ. ಸಿಮನ್ಸ್, ನೆಲ್ಸನ್ ಮತ್ತು ಸೈಮನ್‌ಸನ್ 2011ರಲ್ಲಿ ತೋರಿಸಿದಂತೆ, ಸಂಶೋಧಕರು ಸಾಮಾನ್ಯವಾಗಿ ತೆಗೆದುಕೊಳ್ಳುವ ನಾಲ್ಕು ಬಗೆಯ ಸಡಿಲಿಕೆಗಳನ್ನು (ಫಲಿತಾಂಶ ನೋಡಿಕೊಂಡು ಇನ್ನಷ್ಟು ಜನರನ್ನು ಸೇರಿಸುವುದು, ಅನುಕೂಲದ ಅಳತೆಯನ್ನೇ ಆರಿಸುವುದು ಇತ್ಯಾದಿ) ಒಟ್ಟಿಗೆ ಬಳಸಿದರೆ, ಇಲ್ಲದ ಪರಿಣಾಮವನ್ನು ಇದೆ ಎಂದು ಹೇಳುವ ಸಂಭವ ಶೇ. 5ರಿಂದ ಶೇ. 60ಕ್ಕೂ ಮೇಲೆ ಏರುತ್ತದೆ. ಮೋಸ ಮಾಡುವ ಉದ್ದೇಶ ಯಾರಿಗೂ ಇರಬೇಕಾಗಿಲ್ಲ.

ಮೊದಲು ಶುದ್ಧೀಕರಣ: ಎಲ್ಲದಕ್ಕೂ ಒಂದೇ ಅಂಕ ಕೊಟ್ಟವರು, ಓದಲು ಸಾಧ್ಯವಾಗದಷ್ಟು ಬೇಗ ಮುಗಿಸಿದವರು, ಅದೇ ಸಂಗತಿಯನ್ನು ಉಲ್ಟಾ ಮಾಡಿ ಕೇಳುವ ತಿರುವು ಪ್ರಶ್ನೆಗಳಲ್ಲಿ ತಮ್ಮನ್ನೇ ಅಲ್ಲಗಳೆದವರು. ಬಳಿಕ ಅಳತೆಪಟ್ಟಿಯ ಆಂತರಿಕ ಹೊಂದಾಣಿಕೆಗೆ ಕ್ರೋನ್‌ಬಾಕ್ ಆಲ್ಫಾ, ಸಾಮಾನ್ಯವಾಗಿ 0.7 ಇದ್ದರೆ ಒಪ್ಪುತ್ತಾರೆ. 0.95 ದಾಟಿದರೆ ಹಿಗ್ಗಬೇಡಿ, ಒಂದೇ ಪ್ರಶ್ನೆಯನ್ನು ಐದು ಸಲ ಕೇಳಿದ್ದೀರಿ ಎಂದು ಅರ್ಥ. ಆಮೇಲೆ ಮುಖ್ಯ ಹೋಲಿಕೆ, ಎಂದರೆ ಗುಂಪುಗಳ ಸರಾಸರಿಗಳನ್ನು ಹೋಲಿಸುವ, ನಟಿ ಮತ್ತು ಊರು ಎಂಬ ಎರಡು ಅಂಶಗಳ ಅನೋವಾ ಅಥವಾ ಅದಕ್ಕೆ ಸಮನಾದ ರಿಗ್ರೆಶನ್. ಸೋಪು ಎತ್ತಿಕೊಂಡ ಆಯ್ಕೆಗೆ, ಹೌದು ಅಥವಾ ಇಲ್ಲ ಎಂಬಂಥ ಫಲಿತಾಂಶಕ್ಕೆ ಒಗ್ಗುವ ಲಾಜಿಸ್ಟಿಕ್ ರಿಗ್ರೆಶನ್. ಜಾಮೊವಿ, ಜಾಸ್ಪ್ ಮತ್ತು ಆರ್ ಎಂಬ ತಂತ್ರಾಂಶಗಳು ಉಚಿತವಾಗಿದ್ದು ಇದಕ್ಕೆಲ್ಲ ಸಾಕು. ನಂಬಿಕೆಯ ಮೂಲಕ ಇರಾದೆ, ಇರಾದೆಯ ಮೂಲಕ ನಿಷ್ಠೆ ಎಂದು ಬಾಣಗಳ ಚಿತ್ರ ಬರೆದು ಮಧ್ಯವರ್ತಿ ಚಲಕಗಳನ್ನು ಪರೀಕ್ಷಿಸುವುದು ಈಗಿನ ಫ್ಯಾಷನ್ ಆಗಿದೆ. ಆದರೆ ಎಲ್ಲವನ್ನೂ ಒಂದೇ ಹೊತ್ತಿನಲ್ಲಿ ಒಬ್ಬರಿಂದಲೇ ಕೇಳಿ ಪಡೆದ ದತ್ತಾಂಶದಲ್ಲಿ ಬಾಣವನ್ನು ಹಿಂದುಮುಂದು ಮಾಡಿದರೂ ಅಂಕಿಗಳು ಬಹುಮಟ್ಟಿಗೆ ಹಾಗೆಯೇ ಕೂರುತ್ತವೆ.

ಪಿ ಮೌಲ್ಯ (ನಿಜದಲ್ಲಿ ವ್ಯತ್ಯಾಸವೇ ಇಲ್ಲದಿದ್ದರೂ ಇಷ್ಟು ಅಥವಾ ಇನ್ನೂ ದೊಡ್ಡ ಅಂತರ ಆಕಸ್ಮಿಕವಾಗಿ ಕಾಣುವ ಸಂಭವ) 0.05ಕ್ಕಿಂತ ಕಡಿಮೆ ಬಂದಿತೆಂಬುದರ ಜೊತೆಗೆ ವ್ಯತ್ಯಾಸ ಎಷ್ಟು, ಅದರ ವಿಶ್ವಾಸಾಂತರ, ಅಂದರೆ ನಿಜ ವ್ಯತ್ಯಾಸ ಇರಬಹುದಾದ ವ್ಯಾಪ್ತಿ, ಎಲ್ಲಿಂದ ಎಲ್ಲಿಯವರೆಗೆ ಎಂದು ಬರೆಯಿರಿ. ಕನ್ನಡದ ನಟಿಯ ಜಾಹೀರಾತಿಗೆ 7ರಲ್ಲಿ 5.3, ಹೊರಭಾಷೆಯ ನಟಿಯದಕ್ಕೆ 5.1 ಬಂದಿದೆ ಎಂದಿಟ್ಟುಕೊಳ್ಳಿ. ಜನ ಸಾಕಷ್ಟಿದ್ದರೆ ಅದು ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ಸಾರ್ಥಕವಾದೀತು, ಎಂದರೆ ಆಕಸ್ಮಿಕವಲ್ಲ ಎನಿಸೀತು, ಆದರೆ ರಾಜ್ಯದಾದ್ಯಂತ ಎದ್ದ ವಿವಾದಕ್ಕೆ ಅದು ಯಾವ ಉತ್ತರ ಎಂದು ಬಿಡಿಸಿ ಹೇಳುವ ಹೊಣೆ ನಿಮ್ಮದು. ವ್ಯತ್ಯಾಸವೇ ಕಾಣದಿದ್ದರೆ ಅದನ್ನೂ ಅಷ್ಟೇ ಧೈರ್ಯದಿಂದ ಬರೆಯಬೇಕು, ಏಕೆಂದರೆ ಪ್ರಶ್ನೆ ಸರಿಯಾಗಿದ್ದಾಗ "ಇಲ್ಲ" ಎಂಬುದೂ ಫಲಿತಾಂಶ.

ಬರವಣಿಗೆ ಮತ್ತು ಪ್ರಕಟಣೆ

ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಗಳ ಪ್ರಕಾರ ಬೇರೆಯವರ ಬರಹದೊಂದಿಗೆ ಶೇ. 10ರವರೆಗಿನ ಹೋಲಿಕೆಗೆ ದಂಡನೆಯಿಲ್ಲ. ಆದರೆ ಸಿದ್ಧಾಂತದ ಅಧ್ಯಾಯವನ್ನು ಬೇರೆ ಪ್ರಬಂಧಗಳಿಂದ ಎತ್ತಿ ಪದಗಳನ್ನು ಮಾತ್ರ ಬದಲಿಸಿದರೆ ತಂತ್ರಾಂಶ ಬಿಟ್ಟರೂ ಓದುವವರು ಬಿಡುವುದಿಲ್ಲ. ಯುಜಿಸಿ ಒಪ್ಪಿತ ಪತ್ರಿಕೆಗಳ ತನ್ನ ಕೇರ್ ಪಟ್ಟಿಯನ್ನು 2025ರಲ್ಲಿ ಕೈಬಿಟ್ಟ ಮೇಲೆ ಪತ್ರಿಕೆಯ ಯೋಗ್ಯತೆಯನ್ನು ಅಳೆಯುವ ಹೊಣೆ ಲೇಖಕರ ಮತ್ತು ಸಂಸ್ಥೆಗಳ ಮೇಲೆ ಬಿದ್ದಿದೆ. ವಾರದೊಳಗೆ ಪ್ರಕಟಣೆಯ ಭರವಸೆ ಕೊಟ್ಟು ಶುಲ್ಕ ಕೇಳುವ ಪತ್ರಿಕೆಗಳಿಂದ ದೂರವಿದ್ದು, ಕಳೆದ ಎರಡು ಸಂಚಿಕೆಗಳ ಲೇಖನಗಳನ್ನು ಓದಿ, ಅವುಗಳ ಪಕ್ಕದಲ್ಲಿ ನಿಮ್ಮ ಲೇಖನ ಕಾಣಿಸಿಕೊಳ್ಳುವುದು ನಿಮಗೆ ಇಷ್ಟವೇ ಎಂದು ತೀರ್ಮಾನಿಸಿ.

ಅನುಬಂಧದಲ್ಲಿ ಇಂಗ್ಲಿಷ್ ಪ್ರಶ್ನಾವಳಿಯನ್ನು ಮಾತ್ರ ಕೊಟ್ಟು ಸುಮ್ಮನಾಗಬೇಡಿ. ಉತ್ತರದಾರರು ಕೇಳಿಸಿಕೊಂಡ ಕನ್ನಡ ಪಾಠ, ತೆಲುಗು ಮತ್ತು ಮರಾಠಿ ಪಾಠಗಳು, ತೋರಿಸಿದ ಜಾಹೀರಾತುಗಳ ನಮೂನೆ, ಕೈಬಿಟ್ಟ ಅಂಶಗಳ ಪಟ್ಟಿ ಮತ್ತು ಹೆಸರು ತೆಗೆದ ದತ್ತಾಂಶ ಇಷ್ಟನ್ನೂ ಲಗತ್ತಿಸಿ. ಒಹಾನಿಯನ್ ಪಟ್ಟಿಯನ್ನು ಕನ್ನಡದಲ್ಲಿ ಬಳಸಬಯಸುವ ಮುಂದಿನ ವಿದ್ಯಾರ್ಥಿ ಹುಡುಕುವುದು ನಿಮ್ಮ ತೀರ್ಮಾನಗಳ ಅಧ್ಯಾಯಕ್ಕಿಂತ ಮೊದಲು ಆ ಅನುಬಂಧವನ್ನೇ.